ಸುಳಾದಿಯೂ ದೀರ್ಘಮುದ್ರಿಕೆಯೂ

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಲ್ಲಿ, ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯ ಮೇಲೆ ಮಸ್ಕಿಯೆಂಬ ಊರುಂಟು. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನು ಅಲ್ಲಿಯ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮೀ ಅಕ್ಷರಗಳನ್ನು ಕಂಡುದೂ, ಅಂದಿನವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ 'ದೇವಾನಾಂಪ್ರಿಯ'ನೆಂದು ಮಾತ್ರ ಕರೆಯಲ್ಪಟ್ಟಿದ್ದ ಅರಸನು ಅಶೋಕನೇ ಎಂಬುದು ಆ ಬಂಡೆಯಿಂದ ಖಚಿತವಾದುದೂ ವಾಚಕರಿಗೆ ಗೊತ್ತಿರುವ ಸಂಗತಿಯೇ ಆಗಿದೆ. ಇಪ್ಪತ್ತೆರಡು ಶತಮಾನಗಳ ಬಿಸಿಲು ಮಳೆಗಳನ್ನು ಸಹಿಸಿ ಕಲ್ಲು ಅರಸನ ಹೆಸರನ್ನು ಉಳಿಸಿಕೊಟ್ಟಿತು. ಆದರೆ ಆ ಶಾಸನವನ್ನು ಜನರಿಗೆ ಓದಿ ಹೇಳಿದವನ ದನಿ ಹೇಗಿತ್ತು, ಯಾವ ಮಾತನ್ನು ಅವನು ಎಳೆದು ನುಡಿದನು, ಎಲ್ಲಿ ತಡೆದು ನಿಂತನು ಎಂಬುದನ್ನು ಉಳಿಸುವ ಶಕ್ತಿ ಕಲ್ಲಿಗಿರಲಿಲ್ಲ. ಅಕ್ಷರವು ಉಳಿದು ಸ್ವರವು ಅಳಿಯುವ ಈ ವಿಧಿಯೇ ಇದೇ ಸೀಮೆಯ ಒಂದು ಹಾಡಿನ ಜಾತಿಗೂ ಒದಗಿತು. ಆ ಹಾಡಿನ ಹೆಸರು ಸುಳಾದಿ.

ಮಾನವಿ ಸೀಮೆಯಲ್ಲಿ ತುಂಗಭದ್ರೆಯ ದಡದ ಚೀಕಲಪರ್ವಿಯು ವಿಜಯದಾಸರ ಊರು. ಅವರ ಕಾಲ 1682ರಿಂದ 1755. ಅವರ ಪರಂಪರೆಗೆ ಸೇರಿದ ಮಾನವಿಯ ಜಗನ್ನಾಥದಾಸರು 32 ಸಂಧಿಗಳ 'ಹರಿಕಥಾಮೃತಸಾರ'ವನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿದರು; ಜಗನ್ನಾಥದಾಸರ ಶಿಷ್ಯರಾದ ಪ್ರಾಣೇಶದಾಸರು ಲಿಂಗಸುಗೂರಿನವರು. ಇವರೆಲ್ಲರಲ್ಲಿಯೂ ಸುಳಾದಿಗಳಿಗೆ ವಿಶೇಷವಾಗಿ ಹೆಸರಾದವರು ವಿಜಯದಾಸರೇ. ಶಾರ್ಙ್ಗದೇವನು 13ನೆಯ ಶತಮಾನದಲ್ಲಿ 'ಸಂಗೀತರತ್ನಾಕರ'ದಲ್ಲಿ ವಿವರಿಸಿದ ಸಾಲಗಸೂಡವೆಂಬ ಪ್ರಬಂಧವೇ ಕನ್ನಡದಲ್ಲಿ ಸುಳಾದಿಯಾಯಿತೆಂದು ವಿದ್ವಾಂಸರ ಅಭಿಪ್ರಾಯ. ದೇವರನಾಮಕ್ಕೂ ಸುಳಾದಿಗೂ ಇರುವ ಅಂತರವು ಕೇವಲ ಉದ್ದದ್ದಲ್ಲ. ದೇವರನಾಮಕ್ಕೆ ಒಂದು ಪಲ್ಲವಿ, ಕೆಲವು ಚರಣಗಳು, ಮೊದಲಿನಿಂದ ಕೊನೆಯ ತನಕ ಒಂದೇ ತಾಳ. ಸುಳಾದಿಯಲ್ಲಾದರೋ ಖಂಡ ಖಂಡಕ್ಕೂ ತಾಳವು ಬದಲಾಗುವುದು. ಧ್ರುವದಲ್ಲಿ ಆರಂಭವಾದುದು ಮಟ್ಟ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕಗಳಲ್ಲಿ ಹಾದು, ಕಡೆಗೆ ಎರಡು ಸಾಲಿನ ಜತೆಯಲ್ಲಿ ಬಂದು ನಿಲ್ಲುವುದು. ಇಂದಿನ ಅಲಂಕಾರಪಾಠದ ಲೆಕ್ಕದಂತೆ ಹೇಳುವುದಾದರೆ ಧ್ರುವದ ಆವರ್ತಕ್ಕೆ 14 ಅಕ್ಷರಕಾಲ, ತ್ರಿಪುಟಕ್ಕೆ 7, ಏಕಕ್ಕೆ 4. ಹೀಗಾಗಿ ಕೇಳುವವನ ಉಸಿರಿನ ನಡೆಯೇ ಖಂಡದಿಂದ ಖಂಡಕ್ಕೆ ಬೇರೆಯಾಗುತ್ತದೆ. ಸಿದ್ಧಾಂತವೊಂದನ್ನು ಎತ್ತಿಕೊಂಡು, ಅದನ್ನು ಮೆಟ್ಟಿಲು ಮೆಟ್ಟಿಲಾಗಿ ನಡೆಯಿಸಿ, ಅರ್ಥವು ತಿರುಗುವ ಕಡೆಯಲ್ಲಿ ನಡೆಯನ್ನೂ ತಿರುಗಿಸುವುದು ಈ ರಚನೆಯ ಮರ್ಮ.

ಹಸ್ತಪ್ರತಿಗಳು ರಾಗದ ಹೆಸರನ್ನೂ ತಾಳದ ಹೆಸರನ್ನೂ ಕೊಟ್ಟವು, ಸ್ವರವನ್ನು ಕೊಡಲಿಲ್ಲ. ಅದನ್ನು ಬಾಯಿಂದ ಬಾಯಿಗೆ ಕೊಡತಕ್ಕುದೆಂದು ಎಣಿಸಿದ್ದ ಕಾಲವದು. ಬಾಯಿ ನಿಂತ ಕಡೆ ಹಾಡೂ ನಿಂತಿತು. ಆದಕಾರಣ ಸುಳಾದಿಯು ಬಹುಮಟ್ಟಿಗೆ ಪಾರಾಯಣದ ವಸ್ತುವಾಗಿ ಉಳಿಯಿತೇ ಹೊರತು ಗಾನದ ವಸ್ತುವಾಗಿ ಅಲ್ಲ.

ಧ್ವನಿಯನ್ನು ಹಿಡಿದಿಡುವ ಯಂತ್ರವು ಬಂದಾಗಲಾದರೂ ಈ ನಷ್ಟವು ತಗ್ಗಬೇಕಾಗಿತ್ತಲ್ಲವೆ? ಆದುದು ಬೇರೆ. 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಹಾಡನ್ನು ಗೈಸ್‌ಬರ್ಗನೆಂಬವನು ತಟ್ಟೆಯ ಮೇಲೆ ಮುದ್ರಿಸಿಕೊಂಡನು. ಹಾಡಿನ ಕೊನೆಯಲ್ಲಿ ಆಕೆಯು ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳುವಳು. ಹರಿದಾಸರ ಅಂಕಿತವನ್ನು ಬಲ್ಲವರಿಗೆ ಇದನ್ನು ಕೇಳಿ ನಗೆಯೂ ಬಂದೀತು, ಗೌರವವೂ ಹುಟ್ಟೀತು. ಭಾರತದ ಕಾಡುಗಳ ಅರಗು ಸೇರಿ ಆಗುತ್ತಿದ್ದ ಆ ತಟ್ಟೆಯು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಪಾರ್ಶ್ವದಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷಕ್ಕೆ ತುಸು ಹೆಚ್ಚು. ಗಂಟೆಗಟ್ಟಲೆ ರಾಗವನ್ನು ಬೆಳೆಸುತ್ತಿದ್ದ ಗಾಯಕರು ಆ ಮೂರು ನಿಮಿಷದಲ್ಲಿ ಆಲಾಪವನ್ನೂ ಚೀಜನ್ನೂ ತಾನನ್ನೂ ಅಡಕಮಾಡಲು ಕಲಿತುದು ಒಂದು ಅದ್ಭುತವೇ ಸರಿ. ಭೀಮಸೇನ ಜೋಶಿಯವರ ಮೊದಲ ಮುದ್ರಿಕೆಯು 1940ರ ದಶಕದ ಮೊದಲ ಭಾಗದಲ್ಲಿ ಹೊರಟಿತು; ಅದರಲ್ಲಿದ್ದುದು ಕನ್ನಡ ಮತ್ತು ಹಿಂದಿಯ ಭಕ್ತಿಗೀತಗಳು. ಒಂದು ಪಲ್ಲವಿ, ಎರಡು ಮೂರು ಚರಣ, ಒಂದು ಅಂಕಿತ: ಮೂರು ನಿಮಿಷಕ್ಕೆ ಇದು ಅಳೆದಿಟ್ಟಂತೆ ಹೊಂದುವುದು. ದೇವರನಾಮವು ಈ ರೀತಿ ಪ್ಲೇಟಿನ ಮೇಲೇರಿ ಮನೆಮನೆಗೆ ಹೋಯಿತು. ಏಳು ತಾಳದ ಸುಳಾದಿಯು ಹೊರಗುಳಿಯಿತು. ಅದನ್ನು ಯಾರೂ ನಿಷೇಧಿಸಲಿಲ್ಲ, ಹಳಿಯಲೂ ಇಲ್ಲ. ತಟ್ಟೆಯಲ್ಲಿ ಸ್ಥಳವಿರಲಿಲ್ಲ, ಅಷ್ಟೆ.

1948ರ ಜೂನಿನಲ್ಲಿ ಅಮೆರಿಕೆಯ ಕೊಲಂಬಿಯಾ ಕಂಪನಿಯು ನಿಮಿಷಕ್ಕೆ 33⅓ ಸುತ್ತು ತಿರುಗುವ ದೀರ್ಘಮುದ್ರಿಕೆಯನ್ನು ಹೊರಡಿಸಿತು. ಅರಗಿನ ಬದಲು ವಿನೈಲ್, ಪಾರ್ಶ್ವಕ್ಕೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟ ಅವಕಾಶ. ಆದರೆ ಮನುಷ್ಯನ ಅಭ್ಯಾಸವು ಯಂತ್ರಕ್ಕಿಂತ ನಿಧಾನವಾಗಿ ತಿರುಗುವುದು. ಅಲ್ಲಿಯ ಜನಪ್ರಿಯ ಗಾಯಕರು ಬಹುಕಾಲದವರೆಗೂ ಆ ದೊಡ್ಡ ತಟ್ಟೆಯಲ್ಲಿ ಮೂರು ನಿಮಿಷದ ಹಾಡುಗಳನ್ನೇ ಹನ್ನೆರಡರಂತೆ ಪೋಣಿಸುತ್ತಿದ್ದರು. ತಟ್ಟೆಯೆಲ್ಲವೂ ಒಂದೇ ಕೃತಿಯಾಗಬಹುದೆಂಬ ಬುದ್ಧಿಯು ಇಂಗ್ಲೆಂಡಿನ ತರುಣರಲ್ಲಿ ಬಲವಾಗಿ ಮೂಡಿದುದು 1967ರಿಂದ 1969ರ ವರೆಗಿನ ಮೂರು ವರ್ಷಗಳಲ್ಲಿ. ಆ ಮೇಳಗಳ ಸಂಗೀತಕ್ಕೆ 'ಪ್ರೋಗ್ರೆಸಿವ್ ರಾಕ್' ಎಂಬ ಹೆಸರು ನಿಂತಿತು. ಮಸ್ಕಿಯ ಮಾತಿನಿಂದ ಆರಂಭಿಸಿದ ಲೇಖನದಲ್ಲಿ ರಾಕ್ ಎಂಬುದಕ್ಕೆ ಬಂಡೆಯೆಂದು ಅರ್ಥಮಾಡುವ ಅಪಾಯವುಂಟು. ಇಲ್ಲಿ ಅದಕ್ಕೆ ತೂಗಾಡುವುದೆಂಬ ಅರ್ಥವೇ ಮೂಲ.

ಮೊದಲು ಹೇಳಬೇಕಾದುದು ಬೀಟಲ್ಸ್ ಮೇಳದ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಎಂಬ 1967ರ ಮುದ್ರಿಕೆಯನ್ನು. ಇಡೀ ತಟ್ಟೆಯನ್ನು ಒಂದು ಕಲ್ಪಿತ ಮೇಳದ ಕಚೇರಿಯಂತೆ ಜೋಡಿಸಿದುದು ಅದರ ಹೊಸತನವೆಂದು ಎಲ್ಲರೂ ಹೇಳುವರು. ಈ ಲೇಖನಕ್ಕೆ ಮುಖ್ಯವಾದುದು ಎರಡನೆಯ ಪಾರ್ಶ್ವದ ಮೊದಲ ಹಾಡು. ಅದನ್ನು ರಚಿಸಿದ ಜಾರ್ಜ್ ಹ್ಯಾರಿಸನ್ನನು 1966ರ ಶರತ್ಕಾಲದಲ್ಲಿ ಮುಂಬಯಿಗೆ ಬಂದು ರವಿಶಂಕರರಲ್ಲಿ ಸಿತಾರವನ್ನು ಅಭ್ಯಾಸಮಾಡಿದ್ದನು. ಲಂಡನ್ನಿನಲ್ಲಿದ್ದ ಭಾರತೀಯ ವಾದ್ಯಗಾರರೇ ಅದಕ್ಕೆ ನುಡಿಸಿದರು. ಹಾಡು ಹದಿನಾರು ಮಾತ್ರೆಯ ತೀನ್ ತಾಲದಲ್ಲಿ ನಡೆದು, ನಡುವೆ ವಾದ್ಯಗಳ ಸವಾಲು ಜವಾಬಿಗೆ ಬಂದಾಗ ಹತ್ತು ಮಾತ್ರೆಯ ಝಪ್ ತಾಲಕ್ಕೆ ತಿರುಗಿ, ಮತ್ತೆ ಮೊದಲಿನ ನಡೆಗೆ ಮರಳುವುದು. ಐದು ನಿಮಿಷದ ಚಿಕ್ಕ ರಚನೆಯೇನೋ ಹೌದು. ಅರ್ಥದ ತಿರುವಿನಲ್ಲಿ ತಾಳದ ತಿರುವು ಎಂಬ ಧರ್ಮವು ಮಾತ್ರ ಸುಳಾದಿಯದೇ. ಚೀಕಲಪರ್ವಿಯ ಹೆಸರನ್ನು ಆ ತರುಣನು ಕೇಳಿರಲಾರನು. ಸುಳಾದಿಯ ಒಂದು ಛಾಯೆಯು ಲೋಕದ ಮೂಲೆ ಮೂಲೆಯ ಮನೆಗಳಲ್ಲಿ ತಿರುಗುತ್ತಿದ್ದ ಕಾಲದಲ್ಲಿ ನಿಜವಾದ ಸುಳಾದಿಯು ಎಡೆದೊರೆ ನಾಡಿನಲ್ಲಿ ಓದಿನ ಪುಸ್ತಕವಾಗಿ ಕುಳಿತಿತ್ತೆಂಬುದು ಯೋಚಿಸತಕ್ಕ ವಿಷಯ.

ಅದೇ ವರ್ಷದ ನವೆಂಬರಿನಲ್ಲಿ ಮೂಡಿ ಬ್ಲೂಸ್ ಮೇಳದ 'ಡೇಸ್ ಆಫ್ ಫ್ಯೂಚರ್ ಪಾಸ್ಟ್' ಹೊರಟಿತು. ಉಷಃಕಾಲದಿಂದ ರಾತ್ರಿಯ ವರೆಗೆ ಒಂದು ದಿನದ ನಡೆಯೇ ಅದರ ವಸ್ತು. ಪೀಟರ್ ನೈಟ್ ಎಂಬವನು ನಡೆಯಿಸಿದ ದೊಡ್ಡ ವಾದ್ಯವೃಂದವು ಹಾಡು ಹಾಡಿನ ನಡುವೆ ಬರುವುದು. ಹೊಲಿಗೆಯು ಹೊರಗೆ ಕಾಣುತ್ತದೆ: ವೃಂದವು ಒಂದು ಕಡೆ, ಮೇಳವು ಇನ್ನೊಂದು ಕಡೆ. ಆದರೂ ಅದರ ಜೊತೆಗೆ ಇಟ್ಟು ನೋಡಬೇಕಾದ ಮುದ್ರಿಕೆಯೊಂದು ಅದೇ 1967ರಲ್ಲಿ ಭಾರತದಲ್ಲಿಯೇ ಹೊರಟಿತು. ಅದು ಶಿವಕುಮಾರ ಶರ್ಮರ ಸಂತೂರ, ಹರಿಪ್ರಸಾದ ಚೌರಾಸಿಯರ ಕೊಳಲು, ಬ್ರಿಜಭೂಷಣ ಕಾಬ್ರಾರ ಗಿಟಾರುಗಳು ಸೇರಿದ 'ಕಾಲ್ ಆಫ್ ದಿ ವ್ಯಾಲಿ'. ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಅದು ಹೇಳುವುದು. ಮುಂಜಾವಿಗೆ ಅಹೀರ ಭೈರವ, ಮುಂದೆ ನಟಭೈರವ, ಪೀಲು, ಭೂಪ, ದೇಸ್, ಕಡೆಗೆ ಪಹಾಡಿ. ಇಂಗ್ಲಿಷರು ಹೊತ್ತನ್ನು ಮಾತಿನಿಂದಲೂ ವೃಂದದಿಂದಲೂ ಸೂಚಿಸಬೇಕಾಯಿತು. ಇಲ್ಲಿ ರಾಗವೇ ಹೊತ್ತನ್ನು ಸೂಚಿಸಿತು, ಏಕೆಂದರೆ ಹೊತ್ತು ರಾಗದೊಳಗೇ ಇದ್ದಿತು. ಎರಡನ್ನೂ ಕೇಳಿದವರಿಗೆ ಯಾವುದು ಹೆಚ್ಚು ಸಹಜವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

1968ರಲ್ಲಿ 'ದಿ ನೈಸ್' ಎಂಬ ಮೇಳವು ತನ್ನ ಮುದ್ರಿಕೆಗೆ 'ಆರ್ಸ್ ಲಾಂಗಾ ವೀಟಾ ಬ್ರೆವಿಸ್' ಎಂಬ ಲ್ಯಾಟಿನ್ ಹೆಸರನ್ನಿಟ್ಟಿತು. ಕಲೆ ದೀರ್ಘ, ಬಾಳು ಅಲ್ಪ ಎಂದು ಅದರ ಅರ್ಥ. ಕೀತ್ ಎಮರ್ಸನ್ನನ ಕೈಚಳಕವು ದೊಡ್ಡದು. ಬಾಖನ ಬ್ರಾಂಡೆನ್‌ಬುರ್ಗ್ ರಚನೆಯೊಂದನ್ನು ಅವನು ತನ್ನ ಕೃತಿಯೊಳಗೆ ತಂದು ಸೇರಿಸಿದನು. ಆದರೆ ಉದ್ದವೇ ಗುಣವಲ್ಲ. ಕಾವ್ಯದಲ್ಲಿ ಅಷ್ಟಾದಶ ವರ್ಣನೆಗಳಿದ್ದ ಮಾತ್ರಕ್ಕೆ ಮಹಾಕಾವ್ಯವಾಗದೆಂಬ ಮಾತು ಈ ತಟ್ಟೆಗೂ ಸಲ್ಲುವುದು.

ಈ ದೋಷವಿಲ್ಲದ ಕೃತಿಯು ದೊರೆತುದು 1969ರ ಅಕ್ಟೋಬರ್ 10ರಂದು: ಕಿಂಗ್ ಕ್ರಿಮ್ಸನ್ ಮೇಳದ 'ಇನ್ ದಿ ಕೋರ್ಟ್ ಆಫ್ ದಿ ಕ್ರಿಮ್ಸನ್ ಕಿಂಗ್'. ಅದರಲ್ಲಿರುವುದು ಐದೇ ರಚನೆಗಳು. ರಾಬರ್ಟ್ ಫ್ರಿಪ್ಪನ ಗಿಟಾರು, ಮೈಕೆಲ್ ಗೈಲ್ಸನ ತಾಳವಾದ್ಯ, ಗ್ರೆಗ್ ಲೇಕನ ಕಂಠ, ಪೀಟರ್ ಸಿನ್‌ಫೀಲ್ಡನ ಮಾತು; ಇಯಾನ್ ಮ್ಯಾಕ್‌ಡೊನಾಲ್ಡನು ಕೊಳಲನ್ನೂ ಮೆಲೊಟ್ರಾನನ್ನೂ ನುಡಿಸಿದನು. ಈ ಮೆಲೊಟ್ರಾನ್ ಒಂದು ವಿಚಿತ್ರ ವಾದ್ಯ. ಹಾರ್ಮೋನಿಯಮ್ಮಿನಂತೆ ಮನೆಗಳುಂಟು, ಒಂದೊಂದು ಮನೆಯ ಹಿಂದೆಯೂ ಪಿಟೀಲು, ಕೊಳಲು ಮುಂತಾದವುಗಳ ಸ್ವರವನ್ನು ಮುದ್ರಿಸಿದ ಟೇಪಿನ ತುಂಡುಂಟು. ಒತ್ತಿದರೆ ಆ ಸ್ವರವು ಕೇಳುವುದು, ಆದರೆ ಸುಮಾರು ಎಂಟು ಸೆಕೆಂಡುಗಳವರೆಗೆ ಮಾತ್ರ. ಟೇಪು ಮುಗಿದೊಡನೆ ಸ್ವರವೂ ಮುಗಿಯಿತು. ಹೊರಗಿನ ವಾದ್ಯವೃಂದವನ್ನು ತಂದು ಹೊಲಿಯದೆ ಈ ಯಂತ್ರದಿಂದಲೇ ಆ ಗಾಂಭೀರ್ಯವನ್ನು ಮೇಳವು ಸಾಧಿಸಿತು. ಮೊದಲ ರಚನೆಯ ಕಠೋರ ನಾದವು ನಿಂತೊಡನೆ ಎರಡನೆಯದರ ಮೆಲುದನಿಯು ಏಳುವ ಆ ಒಂದು ಕ್ಷಣದಲ್ಲಿ ಖಂಡದಿಂದ ಖಂಡಕ್ಕೆ ದಾಟುವ ವಿದ್ಯೆಯು ಪೂರ್ಣವಾಗಿ ಕಾಣುವುದು. ಮುಖಪಟದ ಭೀತ ಮುಖವನ್ನು ಬರೆದ ಬ್ಯಾರಿ ಗಾಡ್ಬರ್ ಎಂಬ ತರುಣನು 1970ರ ಆರಂಭದಲ್ಲಿ 24ನೆಯ ವಯಸ್ಸಿನಲ್ಲಿ ತೀರಿಕೊಂಡನು. ಕಲೆ ದೀರ್ಘವೆಂಬ ಆ ಲ್ಯಾಟಿನ್ ಹೆಸರು ಇವನ ಚಿತ್ರಕ್ಕೆ ಹೆಚ್ಚು ಒಪ್ಪುತ್ತಿತ್ತು.

ಈ ಪ್ರವಾಹದ ಒಂದು ಕವಲು ಕರ್ಣಾಟಕಕ್ಕೂ ಬಂದು ಸೇರಿತು. ಬೆಂಗಳೂರಿನಲ್ಲಿ ಟಿ. ಎ. ಎಸ್. ಮಣಿಯವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ತಾಳವಾದ್ಯ ವಿದ್ಯಾಲಯವನ್ನು ಸ್ಥಾಪಿಸಿದ್ದರು. ಜರ್ಮನಿಯ ಮ್ಯೂನಿಕ್ಕಿನಲ್ಲಿ 1969ರಲ್ಲಿ ಹುಟ್ಟಿದ ಎಂಬ್ರಿಯೋ ಎಂಬ ಮೇಳವು 1978–79ರಲ್ಲಿ ನೆಲದ ದಾರಿಯಿಂದ ಭಾರತಕ್ಕೆ ಪ್ರಯಾಣಮಾಡಿತು. ಆ ಮೇಳವೂ ಈ ವಿದ್ಯಾಲಯದವರೂ ಕೂಡಿ ಮುದ್ರಿಕೆಯನ್ನು ಹೊರಡಿಸಿದರು. ಎಂಬ್ರಿಯೋದೊಡನೆ ನುಡಿಸಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ 1983ರಲ್ಲಿ ಶ್ರೀಮತಿ ರಮಾಮಣಿಯವರ ಗಾಯನವೂ ವಿದ್ಯಾಲಯದ ಲಯವೂ ಸೇರಿದ 'ಜ್ಯೋತಿ' ಎಂಬ ಮುದ್ರಿಕೆಯನ್ನು ಮಾಡಿದನು. ಸಪ್ತತಾಳಗಳ ಶಾಸ್ತ್ರವನ್ನು ಕನ್ನಡನಾಡಿನ ಗುರುಗಳೇ ಯುರೋಪಿನ ಮೇಳಕ್ಕೆ ಮುಖಾಮುಖಿಯಾಗಿ ಕೊಟ್ಟ ಪ್ರಸಂಗವಿದು. ಹ್ಯಾರಿಸನ್ನನ ಹಾಡಿನಲ್ಲಿ ದೂರದ ಛಾಯೆಯಾಗಿದ್ದುದು ಇಲ್ಲಿ ನೇರವಾದ ಪಾಠವಾಯಿತು.

ಸುಳಾದಿಗೆ ಇವುಗಳಿಂದ ಆದ ಲಾಭವೇನೆಂದು ಕೇಳಿದರೆ ಉತ್ತರವು ಸುಲಭವಲ್ಲ. ದೀರ್ಘಮುದ್ರಿಕೆಯು ಕನ್ನಡಕ್ಕೆ ಬಂದಾಗ ಹರಿದಾಸರ ಪದಗಳೂ ಅದರ ಮೇಲೆ ಬಂದವು. ಆದರೆ ರೂಢಿಯಾದುದು ದೇವರನಾಮಗಳನ್ನು ಒಂದರ ಮುಂದೊಂದಾಗಿ ಪೋಣಿಸುವ ಕ್ರಮವೇ, ಇಂಗ್ಲೆಂಡಿನವರು 1967ಕ್ಕೆ ಮೊದಲು ಮಾಡುತ್ತಿದ್ದಂತೆ. ಸ್ಥಳವು ದೊರೆತ ಮೇಲೂ ಮೂರು ನಿಮಿಷದ ಅಭ್ಯಾಸವು ಬಿಡಲಿಲ್ಲ. ಧ್ರುವದಿಂದ ಜತೆಯವರೆಗೆ ಒಂದು ಸುಳಾದಿಯನ್ನು ಹಾಡಿದರೆ ದೀರ್ಘಮುದ್ರಿಕೆಯ ಒಂದು ಪಾರ್ಶ್ವದೊಳಗೆ ಅದು ಹಿಡಿಸೀತು. ಇಂದಿನ ಯಂತ್ರಗಳಿಗೋ ಆ ಮಿತಿಯೂ ಇಲ್ಲ. ಹಸ್ತಪ್ರತಿಗಳಲ್ಲಿ ರಾಗದ ಹೆಸರುಂಟು, ತಾಳದ ಹೆಸರುಂಟು, ಮಾತಂತೂ ಪೂರ್ಣವಾಗಿ ಉಂಟು. ಹಳೆಯ ಧಾಟಿಯು ಮರಳಿ ಬರಲಾರದು. ಬಲ್ಲ ಗಾಯಕನೊಬ್ಬನು ಆ ಹೆಸರುಗಳನ್ನು ಹಿಡಿದು ಹೊಸದಾಗಿ ಕೂಡಿಸಿದರೆ ಅದು ಅಪಚಾರವಾಗದು. ಪ್ರತಿ ವರ್ಷವೂ ಕಾರ್ತಿಕ ಶುದ್ಧ ದಶಮಿಯು ವಿಜಯದಾಸರ ಆರಾಧನೆಯ ದಿನ. ಅಂದು ಸುಳಾದಿಯ ಪುಸ್ತಕವನ್ನು ಬಿಚ್ಚುವವರಿಗೆ ಮೊದಲು ಕಾಣುವುದು ಖಂಡದ ನೆತ್ತಿಯ ಮೇಲೆ ಬರೆದಿರುವ ತಾಳದ ಹೆಸರು.