ಬೇತಮಂಗಲದ ಕೆರೆಯೂ ಅಮರಸಿಂಹನ ಹಂಸವೂ

ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಸಿಂಹಾದಿವರ್ಗದ ನೀರುಹಕ್ಕಿಗಳ ಹೆಸರುಗಳು ನಿದ್ರೆಯಲ್ಲಿಯೂ ಮರೆಯವು. ಹಂಸ, ಕಾದಂಬ, ಕಾರಂಡವ, ಚಕ್ರವಾಕ ಎಂದು ತಲೆದೂಗುತ್ತ ಹೇಳಿದೆವು. ಒಂದನ್ನಾದರೂ ಕಣ್ಣಾರೆ ಕಂಡಿರುವಿರಾ ಎಂದು ಯಾರೂ ಕೇಳಲಿಲ್ಲ. ನಮಗೂ ಆ ಸಂದೇಹ ಹುಟ್ಟಲಿಲ್ಲ. ಹಂಸವೆಂದರೆ ಪಂಚಾಂಗದ ಚಿತ್ರದಲ್ಲಿ ಸರಸ್ವತಿಯ ಬಳಿ ಕೊರಳು ಬಾಗಿಸಿ ನಿಂತ ಬಿಳಿಯ ಹಕ್ಕಿ, ಅಷ್ಟೆ.

ಆ ಚಿತ್ರದ ಹಕ್ಕಿಯು ಯೂರೋಪಿನ ಸರೋವರಗಳದು. ನಮ್ಮ ದೇಶಕ್ಕೆ, ಅದೂ ವಾಯವ್ಯದ ಅಂಚಿಗೆ, ಬರುವುದು ಬಲು ಅಪರೂಪ. ಕವಿಗಳ ಮಾನಸವಾಸಿಯು ಬೂದುಬಣ್ಣದ ಹೆಬ್ಬಾತು ಎಂಬುದು ಹಲವರು ವಿದ್ವಾಂಸರ ಮತ. ಅದರ ಬಿಳಿಯ ತಲೆಯ ಮೇಲೆ ಎರಡು ಕರಿಯ ಪಟ್ಟೆಗಳುಂಟು. ಟಿಬೆಟ್, ಮಂಗೋಲಿಯಗಳ ಸರೋವರತೀರಗಳಲ್ಲಿ ಮರಿಮಾಡಿ, ಚಳಿಗಾಲಕ್ಕೆ ಹಿಮಾಲಯವನ್ನು ದಾಟಿ ಇಳಿಯುತ್ತದೆ. ಯಂತ್ರವನ್ನು ಕಟ್ಟಿ ಹಾರಬಿಟ್ಟು ನೋಡಿದವರು ಅದು 7,000 ಮೀಟರಿಗೂ ಮೇಲೆ ಏರಿದುದನ್ನು ದಾಖಲಿಸಿರುವರು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇವು ವರ್ಷವರ್ಷವೂ ಹಿಂಡುಹಿಂಡಾಗಿ ಬರುವುದರಿಂದಲೇ ಆ ಕೆರೆಯು 2024ರಲ್ಲಿ ರಾಮ್ಸರ್ ಪಟ್ಟಿಯನ್ನು ಸೇರಿತು. ಅಮರನು ಹೇಳುವ ಬಿಳಿಯ ರೆಕ್ಕೆಗೂ ಈ ಬೂದುಬಣ್ಣಕ್ಕೂ ಪೂರ್ತಿ ಹೊಂದದೆಂಬುದು ನಿಜ. ಆದರೆ ಶಬ್ದವು ಸಾಕ್ಷಿ ನುಡಿಯುತ್ತದೆ. ಲ್ಯಾಟಿನಿನ ಆನ್ಸರ್, ಜರ್ಮನಿನ ಗಾನ್ಸ್, ಇಂಗ್ಲಿಷಿನ ಗೂಸ್ ಇವೆಲ್ಲವೂ ಹಂಸಶಬ್ದದ ದಾಯಾದಿಗಳು. ಎಲ್ಲಕ್ಕೂ ಹೆಬ್ಬಾತೆಂದೇ ಅರ್ಥ.

ನಮ್ಮ ಸೀಮೆಗೆ ತುಂಬಿ ಹರಿಯುವ ನದಿಯ ಭಾಗ್ಯವಿಲ್ಲ. ಹಕ್ಕಿಯು ಇಳಿಯಬೇಕಾದರೆ ಕೆರೆಯೇ ಗತಿ. ಬಂಗಾರಪೇಟೆಯ ತಾಲ್ಲೂಕಿಗೆ ಸೇರಿದ್ದ ಬೇತಮಂಗಲವು ಶಾಸನಗಳಲ್ಲಿ ವಿಜಯಾದಿತ್ಯಮಂಗಲ. ಪಾಲಾರಿಗೆ ಅಡ್ಡಲಾಗಿ ಕಟ್ಟಿದ ಅಲ್ಲಿಯ ಕೆರೆಯನ್ನು ಹತ್ತನೆಯ ಶತಮಾನದಲ್ಲಿ ನೊಳಂಬರು ಜೀರ್ಣೋದ್ಧಾರ ಮಾಡಿದರು. ಹೊಯ್ಸಳರ ಕಾಲದಲ್ಲಿ ಮತ್ತೊಮ್ಮೆ ದುರಸ್ತಿಯಾಯಿತು. ಒಡೆದ ಏರಿಯನ್ನು ಕಟ್ಟಿದವರು ಗದ್ದೆಗಳನ್ನು ನೆನೆದರೇ ಹೊರತು ಬಾತುಗಳನ್ನಲ್ಲ. ಆದರೂ ಬಾತುಗಳು ಬಂದುವು.

1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೋಲಾರದ ಚಿನ್ನದ ಗಣಿಗೆ ಕೈಹಾಕಿದರು. ಅದಿರನ್ನು ಕುಟ್ಟಿ ತೊಳೆಯುವುದಕ್ಕೂ ಸಾವಿರಾರು ಕೂಲಿಕಾರರ ಮನೆಗಳಿಗೂ ನೀರು ಬೇಕಾಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು; ನೀರು ಬೇತಮಂಗಲದಿಂದ ಬಂದುದನ್ನು ಹೇಳುವವರು ಕಡಮೆ. ಇಪ್ಪತ್ತನೆಯ ಶತಮಾನದ ಆದಿಯಿಂದ ಆ ಪುರಾತನ ಕೆರೆಯೇ ಚಿನ್ನದ ಊರಿನ ಬಾಯಾರಿಕೆಯನ್ನು ತೀರಿಸಿತು. 2001ರಲ್ಲಿ ಗಣಿಯು ಮುಚ್ಚಿತು. ಇತ್ತ ಕೆರೆಗೂ ಬಡತನ ಬಂತು. ನೀರು ಬತ್ತಿದ ವರ್ಷಗಳಲ್ಲಿ ಅಂಗಳದಲ್ಲಿ ಜಾಲಿ ಬೆಳೆದುದನ್ನು ನಾನೇ ಕಂಡೆನು. 2021ರ ನವೆಂಬರಿನ ಮಳೆಗೆ ಪಾಲಾರು ಹರಿದು ಕೆರೆಯು ಕೋಡಿಬಿದ್ದಾಗ ಬಂಗಾರಪೇಟೆಯಿಂದಲೂ ಜನರು ನೋಡಲು ಹೋದರು.

ಇಲ್ಲೊಂದು ಮಾತನ್ನು ಹೇಳಲೇಬೇಕು. ಕೆರೆ ತುಂಬಿದ ಮಾತ್ರಕ್ಕೆ ಹಕ್ಕಿಗಳೆಲ್ಲ ಬಂದವೆಂದು ತಿಳಿಯಬಾರದು. ಬಾತುಗಳಲ್ಲಿ ಬಹುಪಾಲು ಮುಳುಗಿ ಮೇಯುವುದಿಲ್ಲ. ತಲೆಯನ್ನು ಕೆಳಗೆಮಾಡಿ ಬಾಲವನ್ನು ಮೇಲೆತ್ತಿ, ಕೊಕ್ಕಿಗೆ ಎಟಕುವಷ್ಟು ಆಳದ ಕಾಳು, ಬೇರು, ಹುಳುಗಳನ್ನು ತಿನ್ನುತ್ತವೆ. ಅವಕ್ಕೆ ಬೇಕಾದುದು ಮೊಣಕಾಲುದ್ದದ ನೀರು, ಕೆಸರಿನ ಅಂಚು, ಜೊಂಡು. ಕೆರೆಯನ್ನು ಅಂದಗೊಳಿಸುವೆವೆಂದು ಸುತ್ತಲೂ ಕಲ್ಲು ಕಟ್ಟಿ ಬಟ್ಟಲುಮಾಡುವವರು ಮೊದಲು ಅಳಿಸುವುದು ಆ ಅಂಚನ್ನೇ. ಒತ್ತುವರಿಯೂ ಅಲ್ಲಿಂದಲೇ ಆರಂಭವಾಗುತ್ತದೆ.

ಕಳೆದ ಮಾಗಿಯಲ್ಲಿ ಮೊಮ್ಮಗನನ್ನು ಏರಿಯ ಮೇಲೆ ಕರೆದುಕೊಂಡು ಹೋಗಿದ್ದೆನು. ಜೊಂಡಿನ ಮರೆಯಿಂದ ಒಂದು ಜೋಡಿ ಈಜಿ ಬಂತು: ಕಪ್ಪು ಕೊಕ್ಕಿಗೆ ಹಳದಿಯ ತುದಿ, ಬುಡದಲ್ಲಿ ಕುಂಕುಮವಿಟ್ಟಂತೆ ಎರಡು ಕೆಂಪು ಚುಕ್ಕೆ. ದೂರದಿಂದ ಬಂದುದಲ್ಲ, ಇಲ್ಲಿಯೇ ಬಾಳುವ ಬಾತು. ಹೆಸರೇನೆಂದು ಹುಡುಗನು ಕೇಳಿದನು, ತಿಳಿಯಲಿಲ್ಲ. ಮನೆಗೆ ಬಂದು ಕನ್ನಡದ ಪಕ್ಷಿಪುಸ್ತಕವನ್ನು ತೆರೆದರೆ, ವರಟೆ ಎಂದಿತ್ತು. ಅಮರಕೋಶದಲ್ಲಿ ವರಟಾ ಎಂದರೆ ಹೆಣ್ಣು ಹಂಸ. ಹತ್ತು ವರ್ಷದ ಹುಡುಗನಾಗಿದ್ದಾಗ ಕಲಿತ ಮಾತು ಅದು.