ಬಾಯಿ ಕಟ್ಟೋದರಿಂದ ಹೊಟ್ಟೆ ಕತ್ತರಿಸೋವರೆಗೆ: ತೂಕ ಇಳಿಸುವ ಸರ್ಜರಿಯ ಕಥೆ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಓರಣ ಮಾಡಿ ಇಲ್ಲಿ ಬರೆದಿದ್ದೀನಿ. ಮಾತಿನ ಭರದಲ್ಲಿ ಬಿಟ್ಟುಹೋದ ಇಸವಿ, ಅಂಕಿಗಳನ್ನೂ ಸೇರಿಸಿದ್ದೀನಿ.

"ಬಾಯಿ ಕಟ್ಟು" ಅನ್ನೋ ಮಾತು ನಮ್ಮೆಲ್ಲರ ಮನೆಯಲ್ಲೂ ಇದೆ. ಶುಗರ್ ಇದ್ದವರಿಗೆ, ದಪ್ಪ ಇದ್ದವರಿಗೆ ದಿನಕ್ಕೆರಡು ಸಲ ಕೇಳಿಸುತ್ತೆ: "ಸ್ವಲ್ಪ ಬಾಯಿ ಕಟ್ಟಿದ್ರೆ ಎಲ್ಲಾ ಸರಿಹೋಗುತ್ತೆ ಕಣಪ್ಪ." ಇದನ್ನ ಅಕ್ಷರಶಃ ಮಾಡಿ ನೋಡಿದವರೂ ಇದ್ದಾರೆ ಗೊತ್ತಾ? 1970ರ ದಶಕದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು, ತಿಂಗಳುಗಟ್ಟಲೆ ಬರೀ ದ್ರವಾಹಾರದಲ್ಲಿ ಇಡೋ ಚಿಕಿತ್ಸೆ ಇತ್ತು. ತೂಕ ಇಳೀತಿತ್ತು. ತಂತಿ ಬಿಚ್ಚಿದ ಮೇಲೆ ವಾಪಸ್ ಬರ್ತಿತ್ತು. ಇನ್ನೂ ಹಿಂದೆ, 10ನೇ ಶತಮಾನದ ಸ್ಪೇನಿನಲ್ಲಿ ಲಿಯಾನ್ ರಾಜ್ಯದ ಒಂದನೇ ಸ್ಯಾಂಚೋ ಅಂತ ಒಬ್ಬ ರಾಜ ಇದ್ದ, ಅವನ ಅಡ್ಡಹೆಸರೇ "ದಪ್ಪ ಸ್ಯಾಂಚೋ". ಸಿಂಹಾಸನ ಕಳಕೊಂಡ ಅವನನ್ನ ಅಜ್ಜಿ ತೋಡಾ ಕಾರ್ಡೋಬಾದ ವೈದ್ಯ ಹಸ್ದಾಯಿ ಇಬ್ನ್ ಶಪ್ರೂತ್ ಹತ್ರ ಕರ್ಕೊಂಡು ಹೋದಳು. ವೈದ್ಯ ತುಟಿಗಳನ್ನೇ ಹೊಲಿದುಬಿಟ್ಟ ಅಂತ ಕಥೆ ಕಟ್ಟಿದವರಿದ್ದಾರೆ. ಅದು ಕಥೆಯೇ ಇರಬಹುದು. ಚಿಕಿತ್ಸೆ ಆಗಿದ್ದು, ರಾಜ ಸಣ್ಣಗಾಗಿ ವಾಪಸ್ ಹೋಗಿ ಪಟ್ಟ ಏರಿದ್ದು ಮಾತ್ರ ಇತಿಹಾಸ.

ನಮ್ಮ ಚರಕ ಸಂಹಿತೆಯಲ್ಲೂ, ಸೂತ್ರಸ್ಥಾನದ 21ನೇ ಅಧ್ಯಾಯದಲ್ಲಿ, ಜನರ ನಿಂದೆಗೆ ಗುರಿಯಾಗೋ ಎಂಟು ಬಗೆಯ ದೇಹಗಳ ಪಟ್ಟಿ ಇದೆ. ಅತಿಸ್ಥೂಲ ಅದರಲ್ಲೊಂದು. ಎಲ್ಲಾ ನಮ್ಮಲ್ಲೇ ಮೊದಲು ಇತ್ತು ಅಂತ ಹೇಳಕ್ಕೆ ನಾನು ಹೊರಟಿಲ್ಲ, ಆ ವಾಟ್ಸಾಪ್ ಮೆಸೇಜು ನಿಮಗೂ ಬಂದಿರುತ್ತೆ. ನನಗೆ ಇಷ್ಟವಾದದ್ದು ಬೇರೆ. ಅತಿಯಾಗಿ ತಿನ್ನೋದು, ಹಗಲು ನಿದ್ದೆ, ವ್ಯಾಯಾಮ ಇಲ್ಲದಿರೋದು, ಇಷ್ಟು ಕಾರಣ ಹೇಳಿ ಅವುಗಳ ಜೊತೆಗೇ "ಬೀಜ ಸ್ವಭಾವ"ವನ್ನೂ ಅಲ್ಲಿ ಸೇರಿಸಿದ್ದಾರೆ. ಅಂದ್ರೆ ಹುಟ್ಟಿನಿಂದ ಬಂದದ್ದೂ ಇರುತ್ತೆ ಅಂತ. ಈ ಒಂದು ಪದವನ್ನ ನಮ್ಮ ಮದುವೆಮನೆಗಳ ದೊಡ್ಡವರು ಇನ್ನೂ ಒಪ್ಪಿಲ್ಲ.

ಸರಿ, ಸರ್ಜರಿಗೆ ಬರೋಣ.

1952ರಲ್ಲಿ ಸ್ವೀಡನ್ನಿನ ವಿಕ್ಟರ್ ಹೆನ್ರಿಕ್ಸನ್ ಅನ್ನೋ ಸರ್ಜನ್ ಒಂದು ವರದಿ ಪ್ರಕಟಿಸಿದರು. 32 ವರ್ಷದ ಒಬ್ಬ ಮಹಿಳೆಯ ಸಣ್ಣ ಕರುಳಿನಲ್ಲಿ 105 ಸೆಂಟಿಮೀಟರ್ ಕತ್ತರಿಸಿ ತೆಗೆದಿದ್ದರು. ಬೊಜ್ಜಿಗೆ ಕರುಳು ಕತ್ತರಿಸೋದನ್ನ ಸಮರ್ಥಿಸಬಹುದಾ ಅಂತ ಆ ವರದಿಯ ಶೀರ್ಷಿಕೆಯೇ ಪ್ರಶ್ನೆ ರೂಪದಲ್ಲಿತ್ತು. ಆ ಪ್ರಾಮಾಣಿಕತೆ ಮುಂದಿನ ಇಪ್ಪತ್ತು ವರ್ಷ ಎಲ್ಲರಿಗೂ ಇದ್ದಿದ್ದರೆ ಎಷ್ಟೋ ಜನರ ಲಿವರ್ ಉಳೀತಿತ್ತು.

1954ರಲ್ಲಿ ಅಮೆರಿಕದ ಮಿನೆಸೋಟದ ಕ್ರೆಮೆನ್ ಮತ್ತು ಸಂಗಡಿಗರು, ಕರುಳಿನ ಯಾವ ಭಾಗ ಎಷ್ಟು ಪೋಷಕಾಂಶ ಹೀರುತ್ತೆ ಅಂತ ನಾಯಿಗಳ ಮೇಲೆ ಪ್ರಯೋಗ ಮಾಡಿ ಬರೆದರು. ಅಲ್ಲಿಂದ ಬೈಪಾಸ್ ಕಲ್ಪನೆ ಗಟ್ಟಿಯಾಯ್ತು: ಕರುಳನ್ನ ತೆಗೆಯೋದು ಬೇಡ, ಅದನ್ನ ಬಳಸಿಕೊಂಡು ಹೋಗೋ ಅಡ್ಡದಾರಿ ಮಾಡೋಣ. ಪುಣೆಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಲ್ಲಿ ಹೋಗೋರಿಗೆ ಹುಬ್ಬಳ್ಳಿ-ಧಾರವಾಡ ಬೈಪಾಸ್ ಗೊತ್ತಲ್ಲ, ಹಾಗೆ. ಊಟ ಅನ್ನೋ ಬಸ್ಸು ಊರೊಳಗೆ ಬರೋದೇ ಇಲ್ಲ, ಹೊರಗಿಂದ ಹೊರಗೇ ಹೋಗುತ್ತೆ. ಪೇನ್ ಮತ್ತು ಡಿವಿಂಡ್ ಅನ್ನೋ ಸರ್ಜನ್‌ಗಳು 1960ರ ದಶಕದಲ್ಲಿ ಇದಕ್ಕೊಂದು ಸೂತ್ರವನ್ನೇ ಮಾಡಿದರು: ಸಣ್ಣ ಕರುಳಿನ ಮೊದಲಿನ 14 ಇಂಚು, ಕೊನೆಯ 4 ಇಂಚು, ಎರಡನ್ನೂ ಜೋಡಿಸು. ಸುಮಾರು 6 ಮೀಟರ್ ಉದ್ದದ ಕರುಳಿನಲ್ಲಿ ಊಟಕ್ಕೆ ಸಿಗೋದು ಅರ್ಧ ಮೀಟರಿಗೂ ಕಡಿಮೆ.

ತೂಕ ಇಳೀತು, ಚೆನ್ನಾಗೇ ಇಳೀತು. ಆದರೆ ಜನ ದಿನವಿಡೀ ಭೇದಿಯಲ್ಲಿ ನರಳಿದರು. ಕಿಡ್ನಿಯಲ್ಲಿ ಕಲ್ಲು, ಕೀಲುನೋವು, ಕೆಲವರಿಗೆ ಲಿವರ್ ಪೂರ್ತಿ ಕೈಕೊಟ್ಟು ಸಾವು. ಬಸ್ಸು ಬಾರದ ಊರಲ್ಲಿ ಏನಾಗುತ್ತೆ ಅಂತ ಯಾರೂ ಸರಿಯಾಗಿ ಯೋಚಿಸಿರಲಿಲ್ಲ. ಖಾಲಿ ಬಿದ್ದ ಕರುಳಿನಲ್ಲಿ ಬ್ಯಾಕ್ಟೀರಿಯಾ ಬೆಳೆದವು, ಅವುಗಳ ವಿಷ ಮೈಗೆ ಸೇರಿತು. ಎಷ್ಟೋ ಜನರಿಗೆ ಮತ್ತೆ ಹೊಟ್ಟೆ ತೆರೆದು ಮೊದಲಿನ ಹಾಗೆ ಜೋಡಿಸಬೇಕಾಯ್ತು, ತೂಕವೂ ಮೊದಲಿನ ಹಾಗೇ ಆಯ್ತು. 1980ರ ಹೊತ್ತಿಗೆ ಈ ಆಪರೇಷನ್ ಬಹುತೇಕ ನಿಂತುಹೋಯ್ತು. "ಮಾರ್ಬಿಡ್ ಒಬೆಸಿಟಿ" ಅನ್ನೋ ಪದ ಬಳಕೆಗೆ ತಂದವರೂ ಇದೇ ಪೇನ್. ಇದು ಚೆಂದಕ್ಕೆ ಮಾಡಿಸ್ಕೊಳ್ಳೋದಲ್ಲ, ಕಾಯಿಲೆ, ದುಡ್ಡು ಕೊಡಿ ಅಂತ ವಿಮೆಯವರಿಗೆ ಮನವರಿಕೆ ಮಾಡೋದಕ್ಕೆ ಹುಟ್ಟಿದ ಪದ ಅದು. ವಿಮೆಯ ವಿಷಯ ನೆನಪಿಟ್ಕೊಳ್ಳಿ, ಮತ್ತೆ ಬರ್ತೀನಿ.

ಇಡೀ ಕಥೆಯಲ್ಲಿ ನನಗೆ ಅತ್ಯಂತ ಗೌರವ ಇರೋ ಮನುಷ್ಯ ಎಡ್ವರ್ಡ್ ಮೇಸನ್. ಅಯೋವಾ ವಿಶ್ವವಿದ್ಯಾಲಯದ ಸರ್ಜನ್. ಅಲ್ಸರ್‌ಗೆ ಅಂತ ಹೊಟ್ಟೆಯ ಒಂದು ಭಾಗ ತೆಗೆಸಿಕೊಂಡ ಹೆಂಗಸರು ಆಮೇಲೆ ಏನು ಮಾಡಿದರೂ ದಪ್ಪ ಆಗ್ತಿರಲಿಲ್ಲ. ಉಳಿದವರಿಗೆ ಅದು ಸೈಡ್ ಎಫೆಕ್ಟ್, ಮೇಸನ್‌ಗೆ ಅದೇ ಔಷಧಿಯಾಗಿ ಕಾಣಿಸ್ತು. 1966ರಲ್ಲಿ ಅವರು, ಚಿಕಾಶಿ ಇಟೋ ಜೊತೆ ಸೇರಿ, ಮೊದಲ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದರು. ಹೊಟ್ಟೆಯ ಮೇಲ್ಭಾಗವನ್ನ ಚಿಕ್ಕ ಚೀಲದ ಹಾಗೆ ಬೇರೆ ಮಾಡಿ, ಅದಕ್ಕೆ ಸಣ್ಣ ಕರುಳನ್ನ ಜೋಡಿಸೋದು. ಪಿತ್ತರಸ ಮೇಲಕ್ಕೆ ನುಗ್ಗೋ ತೊಂದರೆ ಇತ್ತು. 1977ರಲ್ಲಿ ಗ್ರಿಫೆನ್ ಅದನ್ನ ಸರಿಮಾಡಿದರು. ಅದಕ್ಕೆ ಬಳಸಿದ್ದು ಹೊಸ ವಿದ್ಯೆಯೇನಲ್ಲ, 19ನೇ ಶತಮಾನದ ಸ್ವಿಸ್ ಸರ್ಜನ್ ಸೀಸರ್ ರೂ ಕಂಡುಹಿಡಿದಿದ್ದ ವೈ ಆಕಾರದ ಜೋಡಣೆ. ಹಳೇ ಲೈಬ್ರರಿಯಿಂದ ಒಂದು ಫಂಕ್ಷನ್ ಎತ್ಕೊಂಡು ಬಗ್ ಫಿಕ್ಸ್ ಮಾಡಿದ ಹಾಗೆ.

ಮೇಸನ್ ಮೇಲೆ ಗೌರವ ಆಪರೇಷನ್ ಕಂಡುಹಿಡಿದದ್ದಕ್ಕಷ್ಟೇ ಅಲ್ಲ. ರೋಗಿಗಳ ದಾಖಲೆ ವರ್ಷಗಟ್ಟಲೆ ಇಡಬೇಕು, ಎಲ್ಲಾ ಸರ್ಜನ್‌ಗಳ ಅಂಕಿಅಂಶ ಒಂದೇ ಕಡೆ ಸೇರಬೇಕು ಅಂತ ಹಟ ಹಿಡಿದು 1980ರ ದಶಕದಲ್ಲೇ ರಿಜಿಸ್ಟ್ರಿ ಶುರುಮಾಡಿದರು. ಮೊದಲ ತಪ್ಪು ಯಾಕಾಯ್ತು ಅಂತ ಅವರಿಗೆ ಗೊತ್ತಿತ್ತು: ಆಪರೇಷನ್ ಮಾಡಿದವರು ಆಮೇಲೆ ಹಿಂತಿರುಗಿ ನೋಡಿರಲಿಲ್ಲ. ಲಾಗ್ ಇಲ್ಲದೆ ಪ್ರೊಡಕ್ಷನ್‌ಗೆ ಹಾಕಿದ್ದರು. ಮೇಸನ್ ನೂರು ವರ್ಷ ಬದುಕಿ 2020ರಲ್ಲಿ ತೀರಿಕೊಂಡರು.

ಮಧ್ಯದ ಎಷ್ಟೋ ಪ್ರಯೋಗಗಳನ್ನ ಬಿಡ್ತೀನಿ. ಸ್ಟೇಪಲ್ ಹಾಕಿದ್ದು, ಸಿಲಿಕೋನ್ ಬ್ಯಾಂಡ್ ಕಟ್ಟಿದ್ದು, ಇಟಲಿಯ ಸ್ಕೋಪಿನಾರೋ ಮಾಡಿದ್ದು. 1994ರಲ್ಲಿ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ದೊಡ್ಡದಾಗಿ ಹೊಟ್ಟೆ ಕೊಯ್ಯದೆ, ಸಣ್ಣ ತೂತುಗಳ ಮೂಲಕ ಬೈಪಾಸ್ ಮಾಡಿದ್ದನ್ನ ವರದಿ ಮಾಡಿದ ಮೇಲೆ ಜನರ ಭಯ ಕಡಿಮೆಯಾಯ್ತು. ಇವತ್ತು ಅತಿ ಹೆಚ್ಚು ನಡೆಯೋ ಸ್ಲೀವ್ ಆಪರೇಷನ್ ಹುಟ್ಟಿದ್ದಂತೂ ಅರ್ಧಕ್ಕೆ ನಿಲ್ಲಿಸಿದ ಕೆಲಸದಿಂದ. ತುಂಬಾ ಭಾರ ಇದ್ದವರಿಗೆ ದೊಡ್ಡ ಆಪರೇಷನ್ ಒಂದೇ ಸಲ ಮಾಡೋದು ಅಪಾಯ ಅಂತ 2000ದ ಆಸುಪಾಸಿನಲ್ಲಿ ಮಿಷೆಲ್ ಗ್ಯಾನ್ಯೇ ತಂಡ ಅದನ್ನ ಎರಡು ಹಂತ ಮಾಡಿತು. ಮೊದಲು ಹೊಟ್ಟೆಯನ್ನ ಬಾಳೆಹಣ್ಣಿನ ಆಕಾರಕ್ಕೆ ಕತ್ತರಿಸೋದು, ಸ್ವಲ್ಪ ತೂಕ ಇಳಿದ ಮೇಲೆ ಕರುಳಿಗೆ ಕೈಹಾಕೋದು. ಮೊದಲ ಹಂತದಲ್ಲೇ ಎಷ್ಟೋ ಜನ ಸಾಕಷ್ಟು ಇಳಿದುಬಿಟ್ಟರು, ಎರಡನೇ ಹಂತವೇ ಬೇಡವಾಯ್ತು. ಫೇಸ್ ಒನ್ ಡೆಲಿವರಿಯೇ ಪ್ರಾಡಕ್ಟ್ ಆದ ಕಥೆ.

ಇಷ್ಟು ಕಾಲ ಎಲ್ಲರೂ ನಂಬಿದ್ದ ತರ್ಕ ಸರಳ: ಹೊಟ್ಟೆ ಚಿಕ್ಕದಾದರೆ ಕಡಿಮೆ ತಿಂತಾರೆ, ಕರುಳು ಗಿಡ್ಡವಾದರೆ ಕಡಿಮೆ ಹೀರುತ್ತೆ. ಈ ತರ್ಕ ಅಲುಗಾಡಿದ್ದು 1995ರಲ್ಲಿ. ನಾರ್ತ್ ಕೆರೊಲಿನಾದ ವಾಲ್ಟರ್ ಪೋರೀಸ್ ಬೈಪಾಸ್ ಆದ 608 ಜನರ ಲೆಕ್ಕ ಕೊಟ್ಟರು. ಅವರಲ್ಲಿ ಟೈಪ್ 2 ಡಯಾಬಿಟಿಸ್ ಇದ್ದ 146 ಜನರಲ್ಲಿ 121 ಜನರ ಶುಗರ್ ನಾರ್ಮಲ್ ಆಗಿತ್ತು. ಅದೂ ಎಷ್ಟೋ ಜನರಿಗೆ ಕೆಲವೇ ದಿನಗಳಲ್ಲಿ, ತೂಕ ಇನ್ನೂ ಇಳಿಯೋ ಮೊದಲೇ! ಹಾಗಾದ್ರೆ ಇದು ಬರೀ ಕಡಿಮೆ ತಿಂದದ್ದರ ಫಲ ಅಲ್ಲ.

1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ತಂಡ ಹೊಟ್ಟೆಯಲ್ಲಿ ಘ್ರೆಲಿನ್ ಅನ್ನೋ ಹಸಿವಿನ ಹಾರ್ಮೋನ್ ಪತ್ತೆ ಮಾಡಿತು. 2002ರಲ್ಲಿ ಸಿಯಾಟಲ್‌ನ ಕಮಿಂಗ್ಸ್ ಒಂದು ಹೋಲಿಕೆ ಮಾಡಿದರು: ಡಯೆಟ್ ಮಾಡಿ ತೂಕ ಇಳಿಸಿದವರಲ್ಲಿ ಘ್ರೆಲಿನ್ ಏರಿತ್ತು, ಬೈಪಾಸ್ ಆದವರಲ್ಲಿ ತೀರಾ ಕಡಿಮೆ ಇತ್ತು. ಇದನ್ನ ಇನ್ನೊಂದು ಸಲ ಓದಿ. ಬಾಯಿ ಕಟ್ಟಿದವನ ಹೊಟ್ಟೆ ಇನ್ನೂ ಜೋರಾಗಿ ಕೂಗುತ್ತೆ ಅಂತ ಅರ್ಥ. ಹಾಗಂತ ಘ್ರೆಲಿನ್ನೇ ಎಲ್ಲದಕ್ಕೂ ಉತ್ತರವೂ ಅಲ್ಲ. ಘ್ರೆಲಿನ್ ಇಲ್ಲದ ಹಾಗೆ ಬೆಳೆಸಿದ ಇಲಿಗಳಲ್ಲೂ ಸ್ಲೀವ್ ಕೆಲಸ ಮಾಡಿದೆ. ಜಿಎಲ್‌ಪಿ-1, ಪಿತ್ತರಸ, ಕರುಳಿನ ಬ್ಯಾಕ್ಟೀರಿಯಾ ಎಲ್ಲದರ ಪಾತ್ರ ಹುಡುಕ್ತಾನೇ ಇದ್ದಾರೆ. ಆಪರೇಷನ್ ಮೊದಲು ಬಂತು, ಕಾರಣ ಹಿಂದಿನಿಂದ ಓಡೋಡಿ ಬರ್ತಿದೆ.

ಇಲ್ಲಿ ನನ್ನದೂ ಒಂದು ಪ್ಯಾರಾ ಇರಲಿ. ನಾನು 2021ರಲ್ಲಿ ಪುಣೆಯಲ್ಲಿ ಸ್ಲೀವ್ ಮಾಡಿಸ್ಕೊಂಡೆ. ಆಗ 128 ಕೆಜಿ, ರಾತ್ರಿ ಉಸಿರಿಗೆ ಮಷೀನು, 33ನೇ ವಯಸ್ಸಿಗೆ ಶುಗರ್ ಮಾತ್ರೆ. ನಿರ್ಧಾರಕ್ಕೆ ಒಂದೂವರೆ ವರ್ಷ ಹಿಡೀತು. "ದೇವರು ಕೊಟ್ಟ ಹೊಟ್ಟೆ ಕತ್ತರಿಸೋದಾ?" ಅಂತ ಅಮ್ಮ ಅತ್ತರು. ಹೆದರಿಕೆ ನನಗೂ ಇತ್ತು, ಯಾಕಂದ್ರೆ ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತೆಗೆದೇಬಿಡ್ತಾರೆ, ವಾಪಸ್ ಜೋಡಿಸಕ್ಕೆ ಆಗಲ್ಲ. ರೋಲ್‌ಬ್ಯಾಕ್ ಇಲ್ಲದ ಡೆಪ್ಲಾಯ್‌ಮೆಂಟ್ ಅದು. ಆಮೇಲಿನ ಮೊದಲ ವಾರಗಳು ತಿಳಿಸಾರು, ನೀರು ಮಜ್ಜಿಗೆ, ಗುಟುಕು ಗುಟುಕಾಗಿ. ಮಂಡ್ಯ ಕಡೆಯವನಾದ ನನಗೆ ದೊಡ್ಡ ಪಾಠ ಅಂದ್ರೆ ಮುದ್ದೆ. ಮುದ್ದೆ ನುಂಗಬೇಕು, ಅಗಿಯಬಾರದು ಅಂತ ಹೇಳಿಕೊಟ್ಟು ಬೆಳೆಸಿದವರು ನಮ್ಮವರು. ಈಗ ತುತ್ತಿಗೆ ಇಪ್ಪತ್ತು ಸಲ ಅಗಿದೇ ನುಂಗಬೇಕು, ಊಟದ ಜೊತೆ ನೀರು ಕುಡಿಯಬಾರದು. ನಾಲ್ಕನೇ ತಿಂಗಳಲ್ಲಿ ಕೂದಲು ಉದುರಿತು, ಆಮೇಲೆ ಬಂತು. ಒಂದು ವರ್ಷಕ್ಕೆ 88 ಕೆಜಿ ಆದೆ, ಈಗ 95. ಮಷೀನು ಮೂಲೆ ಸೇರಿದೆ. ಬಿ12, ಕಬ್ಬಿಣ, ವಿಟಮಿನ್ ಡಿ ಜೀವನಪೂರ್ತಿ. ಸಸ್ಯಾಹಾರಿಗಳಿಗೆ ಬಿ12 ಮೊದಲೇ ಕಡಿಮೆ ಇರುತ್ತೆ, ಸರ್ಜರಿ ಆದ ಮೇಲೆ ಉದಾಸೀನ ಮಾಡಿದರೆ ನರಗಳಿಗೇ ಪೆಟ್ಟು.

ನನ್ನೊಬ್ಬನ ಅನುಭವಕ್ಕಿಂತ ಗಟ್ಟಿ ಸಾಕ್ಷಿ ಸ್ವೀಡನ್ನಿನ ಎಸ್‌ಒಎಸ್ ಅಧ್ಯಯನ. ಪ್ರಶ್ನೆ ಮೊದಲು ಕೇಳಿದ ದೇಶವೇ 1987ರಲ್ಲಿ ಉತ್ತರ ಹುಡುಕಕ್ಕೆ ಕೂತಿತು. ಲಾರ್ಸ್ ಶೋಸ್ಟ್ರೋಮ್ ನೇತೃತ್ವದಲ್ಲಿ 4047 ಜನ. ಸುಮಾರು ಅರ್ಧ ಜನ ಸರ್ಜರಿ ಮಾಡಿಸಿಕೊಂಡವರು, ಅರ್ಧ ಮಾಮೂಲಿ ಚಿಕಿತ್ಸೆಯವರು. 2007ರಲ್ಲಿ ಪ್ರಕಟವಾದ ಲೆಕ್ಕ: ಸರ್ಜರಿ ಗುಂಪಿನಲ್ಲಿ 101 ಸಾವು, ಇನ್ನೊಂದರಲ್ಲಿ 129. ಆಪರೇಷನ್ ಆದ 90 ದಿನದೊಳಗೆ ಸತ್ತವರು 2010 ಜನರಲ್ಲಿ 5. ಹತ್ತು ವರ್ಷದ ನಂತರ ಬೈಪಾಸ್‌ನವರ ತೂಕ ಸರಾಸರಿ ಶೇ. 25 ಕಡಿಮೆಯಲ್ಲಿ ನಿಂತಿತ್ತು, ಬ್ಯಾಂಡ್‌ನವರದು ಶೇ. 14ರಲ್ಲಿ. ಸ್ವಲ್ಪ ತೂಕ ವಾಪಸ್ ಬರೋದು ಎಲ್ಲಾ ಗುಂಪಲ್ಲೂ ಇತ್ತು. ಬೈಪಾಸ್ ಆದವರಲ್ಲಿ ಕುಡಿತದ ಸಮಸ್ಯೆ ಹೆಚ್ಚಿದ್ದೂ ಇದೇ ಅಧ್ಯಯನದಿಂದ ಆಮೇಲೆ ಗೊತ್ತಾಯ್ತು, ಯಾಕಂದ್ರೆ ಆಲ್ಕೋಹಾಲ್ ರಕ್ತಕ್ಕೆ ಬೇಗ ಏರುತ್ತೆ. ವೀಕೆಂಡ್ ಪಾರ್ಟಿಯವರು ಇದನ್ನ ಡಾಕ್ಟರ್ ಹತ್ರ ಬಿಡಿಸಿ ಕೇಳಿ.

ಈಗ ವಿಮೆ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಎರಡು ಸಂಖ್ಯೆ ಕೊಟ್ಟಿತು: ಬಿ.ಎಂ.ಐ. 40, ಅಥವಾ ಗಂಭೀರ ಕಾಯಿಲೆ ಜೊತೆಗಿದ್ದರೆ 35. 2019ರಲ್ಲಿ ನಮ್ಮ ಐಆರ್‌ಡಿಎಐ ಆರೋಗ್ಯ ವಿಮೆಯ ನಿಯಮಗಳನ್ನ ಏಕರೂಪ ಮಾಡಿದಾಗ ಅಲ್ಲೂ ಅದೇ 40, ಅದೇ 35. ಜೊತೆಗಿರಬೇಕಾದ ಕಾಯಿಲೆಗಳ ಪಟ್ಟಿಯೂ ಇದೆ: ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಟೈಪ್ 2 ಡಯಾಬಿಟಿಸ್. ನಿಮ್ಮ ಕಂಪನಿ ಪಾಲಿಸಿಯಲ್ಲಿ "ಕೋಡ್ ಎಕ್ಸ್‌ಕ್ಲೂಷನ್ 06" ಅಂತ ಇದ್ದರೆ ಅದು ಇದೇ. ಆದರೆ 2022ರಲ್ಲಿ ಅಮೆರಿಕದ ಮತ್ತು ಅಂತಾರಾಷ್ಟ್ರೀಯ ಸರ್ಜನ್ ಸಂಘಗಳು ಹಳೇ ಸಂಖ್ಯೆಗಳನ್ನ ಕೈಬಿಟ್ಟವು. ಏಷ್ಯಾದವರಿಗೆ 27.5ರಿಂದಲೇ ಸರ್ಜರಿಯ ಆಯ್ಕೆ ಇರಲಿ ಅಂದವು.

ಯಾಕೆ ನಮಗೆ ಬೇರೆ ಸಂಖ್ಯೆ ಅನ್ನೋದಕ್ಕೆ ಪುಣೆಯದ್ದೇ ಒಂದು ಪ್ರಸಿದ್ಧ ಫೋಟೋ ಇದೆ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತದ್ದು, 2004ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಇಬ್ಬರ ಬಿ.ಎಂ.ಐ. ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ಅಂದ್ರೆ ಬಿ.ಎಂ.ಐ. 33 ಇರೋ, ಶುಗರ್ ಹತೋಟಿಗೇ ಬಾರದ ನಮ್ಮವನೊಬ್ಬನಿಗೆ ವಿಜ್ಞಾನ ಹೌದು ಅನ್ನುತ್ತೆ, ಪಾಲಿಸಿ ಅಲ್ಲ ಅನ್ನುತ್ತೆ. ಅವನು ಸಾಲ ಮಾಡ್ತಾನೆ, ಇಲ್ಲವೇ 35 ಮುಟ್ಟೋವರೆಗೆ ಕಾಯ್ತಾನೆ. ತೂಕ ಹೆಚ್ಚಾಗಲಿ ಅಂತ ಕಾಯೋದು!

2025ರಲ್ಲಿ ಮೌಂಜಾರೋ, ವೆಗೋವಿ ಇಂಜೆಕ್ಷನ್‌ಗಳು ಭಾರತಕ್ಕೆ ಬಂದ ಮೇಲೆ "ಇನ್ನು ಸರ್ಜರಿ ಯಾಕೆ?" ಅಂತ ತುಂಬಾ ಜನ ಕೇಳ್ತಿದ್ದೀರಿ. ಬೈಪಾಸ್ ಆದ ಮೇಲೆ ಮೈಯಲ್ಲಿ ತಾನಾಗೇ ಏರೋ ಜಿಎಲ್‌ಪಿ-1 ಹಾರ್ಮೋನಿನ ದಾರಿಯನ್ನೇ ಈ ಔಷಧಿಗಳೂ ಹಿಡಿದಿರೋದು. ಕೆಲವರಿಗೆ ಅದೇ ಸಾಕು. ಆದರೆ ಇಂಜೆಕ್ಷನ್ ನಿಲ್ಲಿಸಿದರೆ ತೂಕ ಬಹುತೇಕ ವಾಪಸ್ ಬರುತ್ತೆ, ತಿಂಗಳ ಖರ್ಚು ಮುಂದುವರಿಯುತ್ತೆ. ಸರ್ಜರಿ ಆಗಿ ತೂಕ ಮತ್ತೆ ಏರಿದವರಿಗೆ ಇದೇ ಇಂಜೆಕ್ಷನ್ ಕೊಡೋದೂ ಇದೆ. ನನ್ನ ಆ 7 ಕೆಜಿ ಬಗ್ಗೆ ಡಾಕ್ಟರ್ ಹತ್ರ ನಾನೂ ಕೇಳಿದೆ. "ಸದ್ಯಕ್ಕೆ ಬೇಡ, ಆರು ತಿಂಗಳು ನೋಡೋಣ" ಅಂದಿದ್ದಾರೆ.

ಮುಂದಿನ ಕಂತಿನಲ್ಲಿ ಈ ಬಿ.ಎಂ.ಐ. ಲೆಕ್ಕ ಹುಟ್ಟುಹಾಕಿದ ಬೆಲ್ಜಿಯಂನ ಕ್ವೆಟ್ಲೆ ಬಗ್ಗೆ ಮಾತಾಡೋಣ. ಆತ ಡಾಕ್ಟರ್ ಅಲ್ಲ, ಖಗೋಳ ವಿಜ್ಞಾನಿ.