ಸತ್ತ ಮಂಗ, ನಕ್ಷೆಯ ಮೇಲಿನ ಚುಕ್ಕೆ

ಮಲೆನಾಡಿನಲ್ಲಿ ಮಂಗನ ಕಾಯಿಲೆಯ ನಕ್ಷೆಯನ್ನು ಮೊದಲು ಬರೆಸಿದ್ದು ಸತ್ತ ಮಂಗಗಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ ಮತ್ತು ಕೆಂಪು ಮಂಗಗಳು ಸಾಯತೊಡಗಿದವು; ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದರು. ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಅನುಮಾನ ಮೊದಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದು ಹುಡುಕಿದಾಗ ಸಿಕ್ಕಿದ್ದು ಉಣುಗಿನಿಂದ ಹರಡುವ, ರಷ್ಯಾದ ಮಿದುಳು ಜ್ವರದ ಬಳಗಕ್ಕೆ ಸೇರಿದ ಹೊಸ ವೈರಸ್. ಆ ಕಾಡಿನ ಹೆಸರೇ ರೋಗಕ್ಕೂ ಅಂಟಿತು.

ಉಣುಗು ತಾನಾಗಿ ದೂರ ಹೋಗುವ ಜೀವಿಯಲ್ಲ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಸೋಂಕಿತ ಉಣುಗುಗಳು ಕೆಳಗಿನ ದರಕಿಗೆ, ಅಂದರೆ ಉದುರಿದ ಒಣ ಎಲೆಗಳಿಗೆ, ಇಳಿಯುತ್ತವೆ. ಹಾಗಾಗಿ ಅಪಾಯವಿರುವುದು ಇಡೀ ಊರಿನಲ್ಲಲ್ಲ, ಕಾಡಿನ ಒಂದು ತುಣುಕಿನಲ್ಲಿ. ದನ ಮೇಯಿಸುವವರೋ ಸೊಪ್ಪಿಗೆ ಹೋದವರೋ ಸತ್ತ ಮಂಗವನ್ನು ಕಂಡು ಸುದ್ದಿ ಮುಟ್ಟಿಸಿದರೆ ಆರೋಗ್ಯ, ಅರಣ್ಯ, ಪಶುವೈದ್ಯ ಇಲಾಖೆಗಳ ಸಿಬ್ಬಂದಿ ಅಲ್ಲಿಗೆ ಹೋಗುತ್ತಾರೆ. ಮರಣೋತ್ತರ ಪರೀಕ್ಷೆ ನಡೆಯುತ್ತದೆ. ಬಿಳಿ ಫ್ಲಾನೆಲ್ ಬಟ್ಟೆಯನ್ನು ದರಕಿನ ಮೇಲೆ ನಿಧಾನವಾಗಿ ಎಳೆದರೆ ಸಾಸಿವೆಗಿಂತ ಸಣ್ಣ ಉಣುಗುಮರಿಗಳು ಅದಕ್ಕೆ ಹತ್ತುತ್ತವೆ. ಅವನ್ನು ಆರಿಸಿ ಸೀಸೆಗೆ ಹಾಕುತ್ತಾರೆ. ಮಾದರಿಗಳು ಶಿವಮೊಗ್ಗ ನಗರದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಹೋಗುತ್ತವೆ. ಮಂಗ ಬಿದ್ದ ಜಾಗದ ಸುತ್ತ ಮೆಲಾಥಿಯಾನ್ ಪುಡಿ ಎರಚುತ್ತಾರೆ. ರೋಗ ಖಚಿತವಾದರೆ ಆ ಜಾಗವೇ ನಡುವಿನ ಚುಕ್ಕೆ. ಸುತ್ತ 5 ಕಿಲೋಮೀಟರ್ ವ್ಯಾಪ್ತಿಯ ಹಳ್ಳಿಗಳಲ್ಲಿ ಕರಪತ್ರ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ; 2022ರವರೆಗೆ ಲಸಿಕೆಯೂ ಇತ್ತು.

ಈ ಪದ್ಧತಿಯಲ್ಲಿ ಎರಡು ತೂತುಗಳಿವೆ. ಇಳಿಜಾರಿನ ದಟ್ಟ ಕಾನಿನಲ್ಲಿ ಸತ್ತ ಮಂಗ ಯಾರ ಕಣ್ಣಿಗೂ ಬೀಳದೆ ಕೊಳೆತುಹೋಗಬಹುದು, ಆಗ ನಕ್ಷೆ ಖಾಲಿಯಾಗಿಯೇ ಕಾಣುತ್ತದೆ. ಎರಡನೆಯದು ವಿಳಾಸದ ತೊಡಕು. ದಾಖಲೆಗೆ ಸೇರುವುದು ರೋಗಿಯ ಮನೆಯಿರುವ ಊರು. ಉಣುಗು ಕಚ್ಚಿದ್ದು ಮೈಲಿ ದೂರದ ಸೊಪ್ಪಿನಬೆಟ್ಟದಲ್ಲಿರಬಹುದು. ಕೊಟ್ಟಿಗೆಗೆ ದರಕು ತರುವ, ಅಡಿಕೆ ತೋಟಕ್ಕೆ ಸೊಪ್ಪು ಹೊರುವ ಕೂಲಿಕಾರರ ಮಟ್ಟಿಗೆ ಈ ಅಂತರ ಸಣ್ಣದಲ್ಲ.

ಚುಕ್ಕೆಗಳು ಸೊರಬ, ಸಾಗರದಲ್ಲೇ ನಿಲ್ಲಲಿಲ್ಲ. 1970ರ ದಶಕದಲ್ಲಿ ಉತ್ತರ ಕನ್ನಡದಲ್ಲಿ, 1982ರಲ್ಲಿ ಬೆಳ್ತಂಗಡಿ ಕಡೆ ಕಾಣಿಸಿಕೊಂಡವು. 2012ರಿಂದೀಚೆಗೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದವರೆಗೂ ಹಬ್ಬಿದವು. ಸತ್ತ ಮಂಗದ ಹಿಂದೆ ಓಡುವ ನಕ್ಷೆ ರೋಗ ಬಂದ ಮೇಲಷ್ಟೇ ಮಾತಾಡುತ್ತದೆ ಎಂಬುದು 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಉಲ್ಬಣಿಸಿದಾಗ ಕಟುವಾಗಿಯೇ ಗೊತ್ತಾಯಿತು.

2020ರಲ್ಲಿ ಬ್ರಿಟನ್ ಮತ್ತು ಭಾರತದ ಸಂಶೋಧಕರು ಶಿವಮೊಗ್ಗ ಜಿಲ್ಲೆಗೆ ಬೇರೆ ಬಗೆಯ ನಕ್ಷೆಯೊಂದನ್ನು ಪ್ರಕಟಿಸಿದರು. ಆರೋಗ್ಯ, ಅರಣ್ಯ, ಪಶುಪಾಲನೆಯ ಅಧಿಕಾರಿಗಳ ಜೊತೆ ಕೂತು, ಹಿಂದಿನ ರೋಗಿಗಳಿದ್ದ ಜಾಗಗಳನ್ನು ಉಪಗ್ರಹ ಚಿತ್ರ ಮತ್ತು ಜಾನುವಾರು ಗಣತಿಯ ಜೊತೆ ಹೊಂದಿಸಿ ತಯಾರಾದದ್ದು ಅದು. ತೇವದ ನಿತ್ಯಹರಿದ್ವರ್ಣ ಕಾಡು ಮತ್ತು ತೋಟ ಒಂದಕ್ಕೊಂದು ಹೆಣೆದುಕೊಂಡಿರುವಲ್ಲಿ, ನಾಟಿ ದನಗಳು ಹೆಚ್ಚಿರುವಲ್ಲಿ ಅಪಾಯ ಹೆಚ್ಚು. ಒಣ ಎಲೆಯುದುರುವ ಕಾಡಿನಲ್ಲಿ ಕಡಿಮೆ. 2019ರಲ್ಲಿ ರೋಗ ಕಂಡ ಜಾಗಗಳನ್ನು ಈ ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಗುರುತಿಸಿತ್ತು. ಪಶ್ಚಿಮದ ಸಾಗರ, ತೀರ್ಥಹಳ್ಳಿಯಿಂದ ಶಿವಮೊಗ್ಗ ನಗರ, ಭದ್ರಾವತಿ ಕಡೆಗೆ ಇಳಿದಂತೆ ಮಳೆ ತಗ್ಗಿ ಒಣ ಕಾಡು ಹೆಚ್ಚುತ್ತದೆ. ಪ್ರಯೋಗಾಲಯ, ಮೆಗ್ಗಾನ್ ಆಸ್ಪತ್ರೆ, ಜಿಲ್ಲಾ ಕಚೇರಿ ಎಲ್ಲವೂ ನಗರದಲ್ಲಿ. ರೋಗದ ಹೊರೆ ಮಾತ್ರ ಬಹುಪಾಲು ಪಶ್ಚಿಮದ ಕಾಡಂಚಿನಲ್ಲಿ.

ಪರಿಣಾಮ ಸಾಲದೆಂದು 2022ರಲ್ಲಿ ಹಳೆಯ ಲಸಿಕೆಯನ್ನು ನಿಲ್ಲಿಸಲಾಯಿತು. ಆ ಬಳಿಕ ತಿಳಿವಳಿಕೆಯ ಭಾರ ಇನ್ನೂ ಹೆಚ್ಚಿತು. ಉಣುಗುಮರಿಗಳ ಕಾಲ ನವೆಂಬರಿನಿಂದ ಮೇ ತನಕ. ಅದು ಶುರುವಾಗುವ ಮೊದಲೇ ಆಶಾ ಕಾರ್ಯಕರ್ತೆಯರು ಯಾವ ಊರುಗಳ ಮನೆಗಳಿಗೆ ಎಣ್ಣೆ ಮುಟ್ಟಿಸಬೇಕು, ಕಾಡಿನಿಂದ ಬಂದ ಕೂಡಲೇ ಬಿಸಿನೀರಲ್ಲಿ ಮೀಯಿರಿ, ಸತ್ತ ಮಂಗ ಕಂಡರೆ ಮುಟ್ಟದೆ ಸುದ್ದಿ ಕೊಡಿ ಎಂದು ಎಲ್ಲಿ ಮೊದಲು ಹೇಳಬೇಕು ಎಂಬುದನ್ನು ತೀರ್ಮಾನಿಸಲು ಇಂಥ ನಕ್ಷೆ ನೆರವಾಗುತ್ತದೆ.